ಬಸ್ಸು ನಿಲ್ಲುವ ಹತ್ತು ನಿಮಿಷ

ಪುಣೆಯಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು 135 ಕಿಲೋಮೀಟರು ಸಾಗಿ ಬಂದಮೇಲೆ, ಒಂದು ಮಗ್ಗುಲಿಗೆ ಉಜನಿ ಜಲಾಶಯದ ಹಿನ್ನೀರನ್ನೂ ಇನ್ನೊಂದು ಮಗ್ಗುಲಿಗೆ ಕಬ್ಬಿನ ತೋಟಗಳನ್ನೂ ಇರಿಸಿಕೊಂಡ ಇಂದಾಪುರವೆಂಬ ತಾಲ್ಲೂಕು ಪಟ್ಟಣ ಸಿಕ್ಕುತ್ತದೆ. ಇಲ್ಲಿನ ಬಸ್ ನಿಲ್ದಾಣಕ್ಕೆ ಪ್ರತಿ ಸಾಯಂಕಾಲ, ಗೋಧೂಳಿಯ ಹೊತ್ತು ಪೂರ್ತಿಯಾಗಿ ಕಳೆಯುವ ಮುನ್ನ, ಕಲಬುರಗಿಯ ಕಡೆಗೆ ಹೋಗುವ ಬಸ್ಸೊಂದು ಬಂದು ಹತ್ತು ನಿಮಿಷ ನಿಲ್ಲುತ್ತದೆ. ಆ ಹತ್ತು ನಿಮಿಷದಲ್ಲಿ ಕಿವಿಗೆ ಬೀಳುವ ಕನ್ನಡಕ್ಕಾಗಿ, ಇಂಡಿ ತಾಲ್ಲೂಕಿನಿಂದ ಹೊಟ್ಟೆಪಾಡಿಗೆ ಇಲ್ಲಿಗೆ ಬಂದು ಸಕ್ಕರೆ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಿರುವ ನಾನು ಇಪ್ಪತ್ತೆರಡು ವರ್ಷಗಳಿಂದ ಅಲ್ಲಿಗೆ ಹೋಗುತ್ತಿದ್ದೇನೆ. ಮನೆಯಲ್ಲಿ ಹೆಂಡತಿಯೊಡನೆ ಆಡುವ ಮಾತು ಕನ್ನಡವೇ ಆದರೂ, ಊರಿನ ಮಳೆ, ಜೋಳದ ಧಾರಣೆ, ಹೊಳೆಯ ನೀರು, ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಸಾವು ಎಂಬಿವೇ ಮೊದಲಾದ ಸುದ್ದಿಗಳನ್ನು ತರುವ ಕನ್ನಡ ಬೇರೆಯದೇ. ಅದು ಆ ಬಸ್ಸಿನಲ್ಲಿ ಬರುತ್ತಿತ್ತು. ಉಜನಿಯಿಂದ ಬಿಟ್ಟ ಭೀಮೆಯ ನೀರು ಕೆಲವು ದಿನಗಳಲ್ಲಿ ನಮ್ಮ ಸೀಮೆಯ ದಂಡೆಗಳನ್ನು ಮುಟ್ಟುತ್ತದೆಂಬ ಸಮಾಧಾನದಂತೆಯೇ, ಈ ಬಸ್ಸೂ ನನ್ನ ಪರದೇಶವಾಸಕ್ಕೆ ಒಂದು ಸಮಾಧಾನವಾಗಿತ್ತು.

ಆ ಹತ್ತು ನಿಮಿಷ ಹೊಗೆಯ ಹೊತ್ತೂ ಆಗಿತ್ತು. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸುವ ನಿಯಮ ದೇಶಾದ್ಯಂತ 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದಾಗಿನಿಂದ ನಿಲ್ದಾಣದ ಒಳಗೆ ಸೇದುವಂತಿಲ್ಲವಾದ್ದರಿಂದ, ಚಾಲಕನೂ ನಾಲ್ಕಾರು ಪ್ರಯಾಣಿಕರೂ ನಾನೂ ಹೊರಗಿನ ಟಪರಿಯ ಪಕ್ಕದಲ್ಲಿ ನಿಂತು ಒಂದೇ ಕಡ್ಡಿಯಿಂದ ಇಬ್ಬರು ಮೂವರು ಹಚ್ಚಿಕೊಂಡು ಮಾತಾಡುತ್ತಿದ್ದೆವು. ಹಗಲೆಲ್ಲಾ ಕೂಡಿ ಹದಿನೈದು ಸಿಗರೇಟು, ಸಂಜೆಗೆ ನಾಲ್ಕಾರು ಬೀಡಿ: ಇದು ನನ್ನ ವಾಡಿಕೆ. ಬಿಡಬೇಕೆಂದು ನಿಶ್ಚಯಿಸಿದಾಗ ನನಗೆ ಗೊತ್ತಿರದಿದ್ದ ಸಂಗತಿಯೆಂದರೆ, ನಾನು ಒಂದನ್ನು ಬಿಡಲು ಹೊರಟಿದ್ದೆನಾದರೂ ಅದಕ್ಕೆ ಎರಡು ವಸ್ತುಗಳು ಗಂಟುಬಿದ್ದಿದ್ದುವು. ಒಂದು ವಿಷ, ಇನ್ನೊಂದು ಸಹವಾಸ. ವ್ಯಸನವನ್ನು ಬಿಡುವವನ ಮೊದಲ ದಿನಗಳ ಸಂಕಟವೆಲ್ಲಾ ಈ ಗಂಟನ್ನು ಬಿಚ್ಚುವುದರಲ್ಲಿದೆ ಎಂಬುದು ನನ್ನ ಅನುಭವ. ಆದುದರಿಂದಲೇ ಈ ವಿಷಯವನ್ನು ತುಸು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲ ಯತ್ನ ಸಂಕ್ರಾಂತಿಯಂದು. ದೇವರ ಮುಂದೆ ಪ್ರತಿಜ್ಞೆ ಮಾಡಿ, ಉಳಿದ ಪಾಕೀಟನ್ನು ಮುರಿದೆಸೆದು, ಇನ್ನು ಮುಟ್ಟುವುದಿಲ್ಲವೆಂದು ಮನೆಮಂದಿಯೆದುರು ನುಡಿದು ಹೊರಬಿದ್ದೆ. ಮೂರನೆಯ ದಿನ ಸಂಜೆ, ಬಸ್ಸು ನಿಂತು ಎರಡು ನಿಮಿಷವಾಗುವಷ್ಟರಲ್ಲಿ ಚಾಲಕನ ಕೈಯಿಂದ ಬೀಡಿಯನ್ನು ಇಸಿದುಕೊಂಡಿದ್ದೆ. ಆ ರಾತ್ರಿ ನನಗಾದ ಲಜ್ಜೆ ಹೇಳತೀರದು. ಸಂಕಲ್ಪಬಲವಿಲ್ಲದ ಮನುಷ್ಯ ಎಂದು ನನ್ನನ್ನು ನಾನೇ ಜರೆದುಕೊಂಡು, ಆ ಜರೆತದ ಬೇಗೆಯನ್ನು ತಣಿಸಲೆಂದು ಮತ್ತೆ ಎರಡು ಸೇದಿದೆ. ಹೀಗೆ ಸೋತವರು ನಮ್ಮ ನಾಡಿನಲ್ಲಿ ಲಕ್ಷಾಂತರ ಇದ್ದಾರೆ. ಯಾವ ನೆರವೂ ಇಲ್ಲದೆ ಬಿಡಹೊರಟವರಲ್ಲಿ ಹೆಚ್ಚಿನವರು ಮೊದಲ ಎಂಟು ದಿನಗಳೊಳಗೇ ಮರಳಿ ಸೇದುತ್ತಾರೆಂದೂ, ಅಂಥ ನೂರು ಯತ್ನಗಳಲ್ಲಿ ಆರು ತಿಂಗಳು ಅಥವಾ ಒಂದು ವರ್ಷದವರೆಗೆ ನಿಲ್ಲುವುದು ಮೂರರಿಂದ ಐದು ಮಾತ್ರವೆಂದೂ ಈ ವಿಷಯವನ್ನು ಅಭ್ಯಾಸ ಮಾಡಿದವರು ಲೆಕ್ಕ ಹಾಕಿದ್ದಾರೆ. ಉಳಿದ ತೊಂಬತ್ತೈದು ಮಂದಿಗೂ ಮನೋಬಲವಿರಲಿಲ್ಲವೆಂದು ಹೇಳುವುದು ನ್ಯಾಯವಲ್ಲ. ಮಕ್ಕಳನ್ನು ಸಾಕಿ, ಸಾಲ ತೀರಿಸಿ, ಬರಗಾಲವನ್ನು ದಾಟಿ ಬಂದವರೇ ಅವರೆಲ್ಲ.

ಒಂದು ತಿಂಗಳು ಕೆಮ್ಮುತ್ತಾ ಕಳೆದಮೇಲೆ ಸೊಲ್ಲಾಪುರದಲ್ಲಿರುವ ಕನ್ನಡಿಗ ವೈದ್ಯರೊಬ್ಬರ ಬಳಿಗೆ ಹೋದೆ. ಅವರು ಎದೆಗೆ ನಳಿಗೆಯನ್ನು ಹಚ್ಚಿ ನೋಡಿದ ತರುವಾಯ ಕೇಳಿದ ಮೊದಲ ಪ್ರಶ್ನೆ ದಿನಕ್ಕೆ ಎಷ್ಟು ಸೇದುತ್ತೀರಿ ಎಂಬುದಾಗಿರಲಿಲ್ಲ.

"ಮುಂಜಾನೆ ಎದ್ದು ಎಷ್ಟೊತ್ತಿಗೆ ಮೊದಲನೇದು ಹಚ್ಚತೀರಿ?"

"ಮುಖ ತೊಳದ ಕೂಡಲೇ, ಡಾಕ್ಟರ್ರ. ಹತ್ತು ನಿಮಿಷದಾಗ."

ಅವರು ತಲೆದೂಗಿ ಒಂದು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು. ಲೆಕ್ಕ ಬರೆದೇ ಬಾಳುವವನಿಗೆ ಅದಕ್ಕಿಂತ ತಿಳಿಯಾದ ಉಪದೇಶ ಬೇರೆ ಇರಲಾರದು. ತಂಬಾಕಿನಲ್ಲಿರುವ ನಿಕೋಟಿನ್ ಎಂಬ ದ್ರವ್ಯ ಹೊಗೆಯೊಡನೆ ಶ್ವಾಸಕೋಶವನ್ನು ಹೊಕ್ಕು, ಅಲ್ಲಿಂದ ರಕ್ತಕ್ಕೆ ಸೇರಿ, ಹತ್ತಿಪ್ಪತ್ತು ಸೆಕೆಂಡುಗಳೊಳಗೆ ಮಿದುಳನ್ನು ಮುಟ್ಟುತ್ತದೆ. ಅಲ್ಲಿ ತನಗೆ ಹೊಂದುವ ಗ್ರಾಹಕಗಳ ಮೇಲೆ ಕುಳಿತು ಡೋಪಮಿನ್ ಎಂಬ ರಸವನ್ನು ಸುರಿಸಿ ಕ್ಷಣಕಾಲದ ತೃಪ್ತಿಯನ್ನುಂಟುಮಾಡುತ್ತದೆ. ವರ್ಷಗಟ್ಟಲೆ ಈ ಉಪಚಾರಕ್ಕೆ ಒಗ್ಗಿಹೋದ ಮಿದುಳಿನಲ್ಲಿ ಆ ಗ್ರಾಹಕಗಳ ಸಂಖ್ಯೆಯೇ ಹೆಚ್ಚುತ್ತದೆ. ಇತ್ತ ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ರಾತ್ರಿ ಒಂಬತ್ತಕ್ಕೆ ಕೊನೆಯದನ್ನು ಸೇದಿ ಮಲಗಿದವನಲ್ಲಿ ಹನ್ನೊಂದಕ್ಕೆ ಅರ್ಧ, ಒಂದಕ್ಕೆ ಕಾಲು, ಮೂರಕ್ಕೆ ಅರೆಗಾಲು, ಐದಕ್ಕೆ ಹದಿನಾರರಲ್ಲೊಂದು ಪಾಲು ಉಳಿದಿರುತ್ತದೆ. ಹಸಿದ ಗ್ರಾಹಕಗಳು ಬೆಳಗಿನ ಜಾವಕ್ಕೆ ಬಾಯ್ದೆರೆದು ಕುಳಿತಿರುತ್ತವೆ. ಆದುದರಿಂದಲೇ ಮುಂಜಾನೆಯ ಮೊದಲ ದಮ್ಮಿಗೆ ಅಷ್ಟೊಂದು ಸವಿ. ಎದ್ದ ಅರ್ಧ ಗಂಟೆಯೊಳಗೆ ಹಚ್ಚುವವನಿಗೆ ಅಂಟು ಬಲವಾಗಿದೆಯೆಂದೂ, ಐದು ನಿಮಿಷದೊಳಗೆ ಹಚ್ಚುವವನಿಗೆ ಅತ್ಯಂತ ಬಲವಾಗಿದೆಯೆಂದೂ ಎಣಿಸುವ ಈ ಮಾಪನವನ್ನು ರೂಪಿಸಿದವರು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಕಾರ್ಲ್ ಫಾಗರ್‌ಸ್ಟ್ರೋಮ್.

ಬೀಡಿಯ ವಿಷಯದಲ್ಲಿ ನನಗೊಂದು ಭ್ರಮೆಯಿತ್ತು; ಅದು ಎಲೆಯಲ್ಲಿ ಸುತ್ತಿದ ಹಳ್ಳಿಯ ಪದಾರ್ಥ, ಸಿಗರೇಟಿಗಿಂತ ಸೌಮ್ಯವಾದದ್ದೆಂದು. ವೈದ್ಯರು ಅದನ್ನೂ ಬಿಡಿಸಿದರು. ತೆಂಡು ಎಲೆಗೆ ಕಾಗದದಂತೆ ಗಾಳಿಯಾಡುವ ರಂಧ್ರಗಳಿಲ್ಲವಾದ್ದರಿಂದ ಬೀಡಿ ಆಗಾಗ್ಗೆ ಆರಿಹೋಗುತ್ತದೆ. ಆರದಂತೆ ಮೇಲಿಂದ ಮೇಲೆ ಎಳೆಯಬೇಕು, ಆಳವಾಗಿ ಎಳೆಯಬೇಕು. ಒಳಗಿನ ತಂಬಾಕು ಅಲ್ಪವಾದರೂ ಎದೆಗಿಳಿಯುವ ವಿಷ ಅಲ್ಪವಲ್ಲ. ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ಹೊಲಗಳಲ್ಲಿ ಬೆಳೆದ ತಂಬಾಕು, ಸೊಲ್ಲಾಪುರದ ಬಡ ಹೆಣ್ಣುಮಕ್ಕಳು ಮನೆಮನೆಗಳಲ್ಲಿ ಕುಳಿತು ಬೆರಳು ಸವೆಯುವಂತೆ ಕಟ್ಟಿದ ಬೀಡಿ. ಅದನ್ನು ಇಷ್ಟು ವರ್ಷ ಸೌಮ್ಯವೆಂದು ನಂಬಿದ್ದೆನಲ್ಲಾ ಎಂದು ಮರುಕವಾಯಿತು.

ಕಾಗದದ ಕೊನೆಯಲ್ಲಿ ಅವರು ಬರೆದ ಸಾಲು ಹೀಗಿತ್ತು: ಮೂರು ದಿನ ಏರು, ಮೂರು ವಾರ ಇಳಿಜಾರು. ಕೊನೆಯ ಹೊಗೆಯ ಕೆಲವು ಗಂಟೆಗಳಲ್ಲೇ ಆರಂಭವಾಗುವ ಸಂಕಟ ಎರಡನೆಯ ಮೂರನೆಯ ದಿನಗಳಲ್ಲಿ ಶಿಖರವನ್ನು ಮುಟ್ಟಿ, ಎರಡರಿಂದ ನಾಲ್ಕು ವಾರಗಳೊಳಗೆ ಬಹುಮಟ್ಟಿಗೆ ಇಳಿದುಹೋಗುತ್ತದೆಂಬುದು ಅದರ ಅರ್ಥ. ನಾನು ಸಂಕ್ರಾಂತಿಯಲ್ಲಿ ಸೋತದ್ದು ಮೂರನೆಯ ದಿನ. ಶಿಖರದ ಮೇಲೆ ನಿಂತಿದ್ದೆನೆಂದು ತಿಳಿಯದೆ, ಜೀವಮಾನವೆಲ್ಲಾ ಇನ್ನು ಹೀಗೆಯೇ ಇರುವುದೆಂದು ಅಂಜಿ, ಇಳಿಜಾರು ಒಂದು ಹೆಜ್ಜೆಯಾಚೆ ಇರುವಾಗ ಹಿಂದಿರುಗಿದ್ದೆ.

ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತಾ ಹೋಗಲೇ ಎಂದು ಕೇಳಿದೆ. ಒಂದು ದಿನವನ್ನು ಗೊತ್ತುಮಾಡಿ ಅಂದೇ ಪೂರ್ತಿಯಾಗಿ ನಿಲ್ಲಿಸುವುದು ಮೇಲೆಂದು ಅವರ ಮತ. ಇಂಗ್ಲೆಂಡಿನಲ್ಲಿ 697 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಒಮ್ಮೆಗೇ ನಿಲ್ಲಿಸಿದವರಲ್ಲಿ ನೂರಕ್ಕೆ 49 ಮಂದಿ ನಾಲ್ಕು ವಾರಗಳವರೆಗೆ ನಿಂತರು. ಎರಡು ವಾರ ಇಳಿಸುತ್ತಾ ಬಂದು ನಿಲ್ಲಿಸಿದವರಲ್ಲಿ ನಿಂತವರು 39 ಮಂದಿ. ದಿನಕ್ಕೊಂದೇ ಸೇದಿದರೆ ಬಾಧಕವೇನೆಂಬ ಸಮಾಧಾನಕ್ಕೂ ಆಧಾರವಿಲ್ಲ. ಇಪ್ಪತ್ತು ಸೇದುವವನ ಹೃದಯಕ್ಕೆ ಒದಗುವ ಹೆಚ್ಚಿನ ಅಪಾಯದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು, ಒಂದನ್ನೇ ಸೇದುವವನ ಪಾಲಿಗೂ ಬರುತ್ತದೆ.

ಫೆಬ್ರವರಿಯ ಒಂದು ಮಂಗಳವಾರವನ್ನು ಗೊತ್ತುಮಾಡಿದೆ. ಹಬ್ಬವಲ್ಲ, ಹುಣ್ಣಿಮೆಯಲ್ಲ, ಸಾಮಾನ್ಯವಾದ ಒಂದು ವಾರ. ಹಿಂದಿನ ರಾತ್ರಿ ಮನೆಯಲ್ಲಿದ್ದ ಕಡ್ಡಿಪೆಟ್ಟಿಗೆ, ಬೂದಿಯ ಬಟ್ಟಲು, ಅಂಗಿಯ ಕಿಸೆಯಲ್ಲಿ ಉಳಿದಿದ್ದ ಮುರುಕು ಸಿಗರೇಟು ಎಲ್ಲವನ್ನೂ ಹೆಂಡತಿ ಹುಡುಕಿ ತೆಗೆದಳು. ಹೊಗೆ ನಾರುತ್ತಿದ್ದ ಶಾಲನ್ನು ನೆನೆಹಾಕಿದಳು. ಶೇಂಗಾ, ಪುಟಾಣಿ, ಬಡೇಸೋಪು, ಲವಂಗ ಇಷ್ಟನ್ನು ನಾನು ತಂದಿಟ್ಟುಕೊಂಡೆ. ಮನೆಯವರಿಗೂ ಕಚೇರಿಯ ಇಬ್ಬರು ಜತೆಗಾರರಿಗೂ ನಾಳೆಯಿಂದ ನಾಲ್ಕು ದಿನ ನನ್ನ ಮಾತು ಒರಟಾಗಬಹುದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿರೆಂದು ಮೊದಲೇ ಹೇಳಿದೆ. ಹೀಗೆ ಹೇಳಿಟ್ಟುಕೊಳ್ಳುವುದು ಅತ್ಯಾವಶ್ಯಕವೆಂದು ನಾನು ಬಗೆಯುತ್ತೇನೆ.

ಮೊದಲ ದಿನ ಎಣಿಸಿದಷ್ಟು ಘೋರವಾಗಿರಲಿಲ್ಲ. ಹೊಸ ಕಾರ್ಯದ ಉತ್ಸಾಹ ಸಂಜೆಯ ತನಕ ಎತ್ತಿ ಹಿಡಿಯಿತು. ಆ ಹೊತ್ತಿಗೆ ಶರೀರದೊಳಗೆ ನಡೆಯುತ್ತಿದ್ದ ಉಪಕಾರವೂ ಕಡಿಮೆಯದಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡು ರಕ್ತದಲ್ಲಿ ಪ್ರಾಣವಾಯು ಕೂರಬೇಕಾದ ಪೀಠಗಳನ್ನು ಆಕ್ರಮಿಸಿಕೊಂಡಿರುತ್ತದೆ. ಅದು ನಾಲ್ಕೈದು ಗಂಟೆಗೊಮ್ಮೆ ಅರ್ಧವಾಗುತ್ತಾ ಒಂದು ದಿನದೊಳಗೆ ಸೇದದವನ ಮಟ್ಟಕ್ಕೆ ಇಳಿಯುತ್ತದೆ. ನಾಡಿಯ ಓಟವಂತೂ ಕೊನೆಯ ದಮ್ಮಿನ ಅರ್ಧ ಗಂಟೆಯೊಳಗೇ ತಗ್ಗತೊಡಗುತ್ತದೆ. ಇವಾವುವೂ ನನ್ನ ಅರಿವಿಗೆ ಬರಲಿಲ್ಲ, ನಿಜ. ಅರಿವಿಗೆ ಬಂದದ್ದು ಕೈ. ಎಡಗೈಯಲ್ಲಿ ಏನನ್ನಾದರೂ ಹಿಡಿದಿರುವುದು ಎಷ್ಟು ಸಹಜವಾಗಿಬಿಟ್ಟಿತ್ತೆಂದರೆ, ಲೆಕ್ಕದ ಪುಸ್ತಕದ ಮುಂದೆ ಕುಳಿತಾಗ ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸುಲಿಯದ ಶೇಂಗಾ ಅಂದು ನನಗೆ ಮಾಡಿದ ಸಹಾಯವನ್ನು ಮರೆಯಲಾರೆ. ಕಾಯಿಯನ್ನು ಒಡೆಯುವುದು, ಸಿಪ್ಪೆ ಊದುವುದು, ಒಂದೊಂದೇ ಬೀಜ ಬಾಯಿಗೆ ಹಾಕುವುದು, ಇಷ್ಟು ಕೆಲಸ ಸಿಗರೇಟಿನ ಕೆಲಸಕ್ಕೆ ಸರಿಗಟ್ಟುತ್ತಿತ್ತು.

ಎರಡನೆಯ ದಿನ ಬೇರೆ. ರಾತ್ರಿ ನಿದ್ರೆ ಮುರಿಮುರಿದು ಬಂದಿತ್ತು. ಒಂದು ಪುಟದ ಕೂಡಿಕೆಯನ್ನು ನಾಲ್ಕು ಸಲ ಮಾಡಿದರೂ ತಾಳೆಯಾಗಲಿಲ್ಲ. ಅಲ್ಲದೆ ಎದೆ ಢವಢವ, ಕೈ ನಡುಕ, ಒಳಗೆಲ್ಲಾ ಏನೋ ಕಳವಳ. ಇದರಲ್ಲಿ ಒಂದು ಪಾಲು ಹೊಗೆಯ ಅಭಾವದ್ದಲ್ಲ, ಚಹಾದ್ದು ಎಂದು ತರುವಾಯ ತಿಳಿದಾಗ ನನಗೆ ಆಶ್ಚರ್ಯವಾಯಿತು. ಸೇದುವವನ ಯಕೃತ್ತು, ಹೊಗೆಯಲ್ಲಿರುವ ಟಾರಿನ ಪ್ರೇರಣೆಯಿಂದ, ಚಹಾ ಕಾಫಿಗಳಲ್ಲಿರುವ ಕೆಫೀನನ್ನು ಬಹು ವೇಗವಾಗಿ ಕರಗಿಸುತ್ತಿರುತ್ತದೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಆ ವೇಗ ತಗ್ಗುತ್ತದೆ. ಎಂದಿನಷ್ಟೇ ಚಹಾ ಕುಡಿದರೂ ರಕ್ತದಲ್ಲಿ ಮೊದಲಿಗಿಂತ ಬಹಳ ಹೆಚ್ಚು ಕೆಫೀನು ನಿಲ್ಲುತ್ತದೆ. ಬಿಟ್ಟವನು ಕಳವಳವನ್ನು ತಣಿಸಲೆಂದು ಇನ್ನೊಂದು ಕಪ್ಪು ಚಹಾ ಕುಡಿಯುತ್ತಾನೆ, ಕಳವಳ ಏರುತ್ತದೆ, ಇದಕ್ಕೆಲ್ಲಾ ಸಿಗರೇಟೊಂದೇ ಮದ್ದೆಂದು ಎದ್ದು ಹೋಗುತ್ತಾನೆ. ಮಹಾರಾಷ್ಟ್ರದ ಈ ಭಾಗದಲ್ಲಿ ಗಂಟೆಗೊಮ್ಮೆ ಅರ್ಧ ಚಹಾ ಕುಡಿಯುವ ರೂಢಿಯಿರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಬಿಡುವ ವಾರದಲ್ಲಿ ಚಹಾವನ್ನು ಅರ್ಧಕ್ಕಿಳಿಸುವುದು ಮೇಲು, ಮಧ್ಯಾಹ್ನದ ತರುವಾಯ ಮಜ್ಜಿಗೆಗೆ ತಿರುಗಿಕೊಳ್ಳುವುದು ಇನ್ನೂ ಮೇಲು.

ಅಂದು ರಾತ್ರಿ ಊಟದಲ್ಲಿ ಉಪ್ಪು ಹೆಚ್ಚಾಯಿತೆಂಬ ನೆವದಿಂದ ಮಗಳ ಮೇಲೆ ಕೂಗಾಡಿದೆ. ಹುಡುಗಿ ತಟ್ಟೆ ಬಿಟ್ಟು ಎದ್ದುಹೋದಳು. ಪಶ್ಚಾತ್ತಾಪದಿಂದ ಕುಳಿತಿದ್ದ ನನ್ನೆದುರು ಹೆಂಡತಿ ನೀರಿನ ತಂಬಿಗೆಯಿಟ್ಟು, "ಇದು ನಿಮ್ಮ ಸಿಟ್ಟಲ್ರೀ, ಬೀಡಿ ಸಿಟ್ಟು. ಇಳೀತದ ತಗೋರಿ" ಎಂದಳು. ವೈದ್ಯಶಾಸ್ತ್ರದ ಗ್ರಂಥಗಳಲ್ಲಿ ಬರೆದಿರುವುದೂ ಇದನ್ನೇ. ಸಿಟ್ಟು, ಉದ್ವೇಗ, ಖಿನ್ನತೆ, ಏಕಾಗ್ರತೆಯ ನಾಶ, ನಿದ್ರಾಭಂಗ, ಹಸಿವಿನ ಏರಿಕೆ ಇವೆಲ್ಲ ಗ್ರಾಹಕಗಳು ತಮ್ಮ ಹಳೆಯ ಸಂಖ್ಯೆಗೆ ಮರಳುವ ಕಾಲದ ಚಿಹ್ನೆಗಳು. ಆದರೆ ಹೊಗೆಯ ಸಿಟ್ಟು ಬೇರೆ, ಮನುಷ್ಯನ ಸ್ವಭಾವ ಬೇರೆ ಎಂದು ಬಿಡಿಸಿ ಹೇಳುವ ಒಬ್ಬರು ಮನೆಯಲ್ಲಿದ್ದರೆ ಆಗುವ ಉಪಕಾರ ಗ್ರಂಥದಿಂದ ಆಗಲಾರದು.

ಮೂರನೆಯ ದಿನ ಸಂಜೆ ನಾನು ನಿಲ್ದಾಣಕ್ಕೆ ಹೋಗಲಿಲ್ಲ. ಬಿಡುವವನು ಕೆಲವು ದಿನ ಸೇದುವ ಜಾಗವನ್ನೂ ಜತೆಯನ್ನೂ ತಪ್ಪಿಸಬೇಕೆಂಬುದು ಎಲ್ಲರೂ ಕೊಡುವ ಉಪದೇಶ, ಯೋಗ್ಯವಾದ ಉಪದೇಶವೇ. ಅದನ್ನು ಕೊಡುವವರು, ಹಾಗೆ ತಪ್ಪಿಸಿಕೊಂಡವನು ಮತ್ತೇನನ್ನು ಕಳೆದುಕೊಂಡನೆಂದು ಮಾತ್ರ ಕೇಳುವುದಿಲ್ಲ. ಮನೆಯ ಮಾಳಿಗೆಯ ಮೇಲೆ ನಿಂತಿದ್ದೆ. ಹೆದ್ದಾರಿಯ ಕಡೆಯಿಂದ ಹಾರನ್ನು ಕೇಳಿಬಂದಾಗ, ಅದು ನಮ್ಮ ಬಸ್ಸಿನದೋ ಅಲ್ಲವೋ, ಗಂಟಲಿನಿಂದ ಹೊಟ್ಟೆಯವರೆಗೆ ಬಯಕೆಯೆದ್ದಿತು. ವೈದ್ಯರು ಹೇಳಿದ್ದಂತೆ ಗಡಿಯಾರ ನೋಡಿದೆ: ಆರು ಗಂಟೆ ನಲವತ್ತೊಂದು ನಿಮಿಷ. ಬಯಕೆಯೆಂಬುದು ತೆರೆಯಂತೆ ಏರಿ ಇಳಿಯುವಂಥದು, ಅದರ ಆಯುಷ್ಯ ಕೆಲವೇ ನಿಮಿಷ, ಹತ್ತನ್ನು ದಾಟುವುದು ಅಪರೂಪ, ಅದನ್ನು ಎದುರಿಸಿ ಜಯಿಸುವ ಗೊಡವೆಗೆ ಹೋಗದೆ ಇಳಿಯುವ ತನಕ ಕಾಯಿರಿ ಎಂದು ಅವರು ಹೇಳಿದ್ದರು. ಒಂದು ಲೋಟ ನೀರನ್ನು ಗುಟುಕು ಗುಟುಕಾಗಿ ಕುಡಿದೆ. ಮಾಳಿಗೆಯ ಈ ತುದಿಯಿಂದ ಆ ತುದಿಗೆ ನಡೆದೆ. ಮೂಗಿನಿಂದ ಉಸಿರನ್ನು ಆಳವಾಗಿ ಎಳೆದು ಬಾಯಿಂದ ನಿಧಾನವಾಗಿ ಬಿಟ್ಟೆ. ಸೇದುವಾಗ ಶಾಂತಿ ಸಿಗುತ್ತಿತ್ತೆಂದು ನಂಬಿದ್ದೆನಲ್ಲ, ಅದರಲ್ಲಿ ಒಂದು ಭಾಗ ಈ ದೀರ್ಘಶ್ವಾಸದ್ದೇ ಇರಬೇಕೆಂದು ಆಗ ಹೊಳೆಯಿತು. ನಾಲ್ಕನೆಯ ನಿಮಿಷದಲ್ಲಿ ಕಣ್ಣಲ್ಲಿ ನೀರು ಬಂತು. ಆರು ನಲವತ್ತೆಂಟಕ್ಕೆ, ಯಾರೋ ಹೆಗಲ ಮೇಲಿನ ಮೂಟೆಯನ್ನು ಇಳಿಸಿದಂತೆ, ಅದು ಹೋಗಿತ್ತು. ಏಳು ನಿಮಿಷ. ಬಸ್ಸು ನಿಲ್ಲುವುದು ಹತ್ತು. ಬಯಕೆ ತೀರಿದ ಮೇಲೂ ಬಸ್ಸು ಇನ್ನೂ ನಿಂತೇ ಇರುತ್ತದೆಂಬ ಈ ಸಣ್ಣ ಲೆಕ್ಕ ನನಗೆ ಕೊಟ್ಟ ಧೈರ್ಯವನ್ನು ಸಂಕ್ರಾಂತಿಯ ಪ್ರತಿಜ್ಞೆ ಕೊಟ್ಟಿರಲಿಲ್ಲ.

ನನಗೆ ಬೇರೊಂದು ಆಸರೆಯೂ ಇತ್ತು. ಅದನ್ನು ಮರೆಮಾಚಿದರೆ ಓದುಗರಿಗೆ ಅನ್ಯಾಯವಾಗುತ್ತದೆ. ವೈದ್ಯರು ನಿಕೋಟಿನ್ ಚ್ಯೂಯಿಂಗ್ ಗಮ್ಮನ್ನು ಬರೆದುಕೊಟ್ಟಿದ್ದರು. ಇದರ ಹುಟ್ಟಿನ ಕಥೆ ಸ್ವಾರಸ್ಯವಾದದ್ದು. ಸ್ವೀಡನ್ನಿನ ಜಲಾಂತರ್ಗಾಮಿಗಳ ನಾವಿಕರು ನೀರಿನೊಳಗೆ ಸೇದುವಂತಿಲ್ಲದಾಗ ಅಗಿಯುವ ತಂಬಾಕಿನಿಂದ ಬಯಕೆ ತೀರಿಸಿಕೊಳ್ಳುತ್ತಿದ್ದುದನ್ನು ಕ್ಲಾಸ್ ಲುಂಡ್‌ಗ್ರೆನ್ ಎಂಬ ವಿದ್ವಾಂಸರು ಗಮನಿಸಿ, 1967ರಲ್ಲಿ ತಮ್ಮ ಮಿತ್ರ ಓವೆ ಫರ್ನೊ ಎಂಬ ಔಷಧ ರಸಾಯನಜ್ಞರಿಗೆ ಪತ್ರ ಬರೆದರು; ಹೊಗೆಯಿಲ್ಲದೆ, ತಂಬಾಕಿಲ್ಲದೆ, ನಿಕೋಟಿನ್ನನ್ನಷ್ಟೇ ಅಳತೆಗೊಳಪಡಿಸಿ ಕೊಡಬಹುದೆಂಬ ಆಲೋಚನೆ ಅಲ್ಲಿಂದ ಬೆಳೆಯಿತು. ಕ್ಯಾನ್ಸರನ್ನೂ ಹೃದ್ರೋಗವನ್ನೂ ತರುವುದು ಬಹುಮಟ್ಟಿಗೆ ಹೊಗೆಯ ಉಳಿದ ವಿಷಗಳು, ಅಂಟಿಸುವುದು ನಿಕೋಟಿನ್. ಗಮ್ಮು ಈ ಎರಡನ್ನೂ ಬೇರ್ಪಡಿಸುತ್ತದೆ. ಇದನ್ನು ಸಾಮಾನ್ಯ ಮಿಠಾಯಿಯಂತೆ ಜಗಿಯಕೂಡದು. ಮೆಲ್ಲಗೆ ಕೆಲವು ಸಲ ಕಚ್ಚಿ, ನಾಲಗೆಗೆ ಮೆಣಸಿನಂಥ ಚುರುಕು ತಾಗಿದೊಡನೆ ಕೆನ್ನೆಗೂ ವಸಡಿಗೂ ನಡುವೆ ಒತ್ತಿಡಬೇಕು. ಚುರುಕು ಅಡಗಿದ ಮೇಲೆ ಮತ್ತೆ ಕಚ್ಚಬೇಕು. ಹೀಗೆ ಅರ್ಧ ಗಂಟೆ. ನಿಕೋಟಿನ್ ಬಾಯಿಯ ಒಳಚರ್ಮದಿಂದ ಹೀರಲ್ಪಡಬೇಕಾದದ್ದು. ಅವಸರದಿಂದ ಜಗಿದು ನುಂಗಿದರೆ ಬಿಕ್ಕಳಿಕೆ, ಎದೆಯುರಿ ಬರುತ್ತವೆ, ಬಯಕೆ ಉಳಿಯುತ್ತದೆ. ಚಹಾ, ಲಿಂಬೆಯ ಪಾನಕ ಇವುಗಳನ್ನು ಕುಡಿದು ಕಾಲು ಗಂಟೆ ಕಳೆಯುವ ತನಕ ಇದು ಸರಿಯಾಗಿ ಹತ್ತುವುದಿಲ್ಲ. ಎರಡು ಮಿಲಿಗ್ರಾಮಿನದು, ನಾಲ್ಕು ಮಿಲಿಗ್ರಾಮಿನದು ಎಂದು ಎರಡು ಪ್ರಮಾಣಗಳುಂಟು. ಎದ್ದ ಅರ್ಧ ಗಂಟೆಯೊಳಗೆ ಸೇದುತ್ತಿದ್ದವರಿಗೆ ಎರಡನೆಯದು. ಚರ್ಮಕ್ಕೆ ಅಂಟಿಸುವ ಪಟ್ಟಿಯೂ, ಬುಪ್ರೊಪಿಯಾನ್, ವರೆನಿಕ್ಲಿನ್ ಎಂಬ ಮಾತ್ರೆಗಳೂ ಇವೆಯಾದರೂ ಅವು ವೈದ್ಯರ ವಿವೇಚನೆಗೆ ಸೇರಿದವು. ಗರ್ಭಿಣಿಯರೂ, ಹೊಸದಾಗಿ ಹೃದಯಾಘಾತವಾದವರೂ, ಮೂರ್ಛೆರೋಗದವರೂ ತಾವಾಗಿಯೇ ಯಾವುದನ್ನೂ ತೆಗೆದುಕೊಳ್ಳಬಾರದು. ನೆರವು ಪಡೆದು ಬಿಡುವುದು ಹೇಡಿತನವೆಂಬ ಭಾವನೆ ನಮ್ಮ ಜನರಲ್ಲಿದೆ. ಕಾಲು ಮುರಿದವನು ಊರುಗೋಲು ಹಿಡಿದರೆ ಯಾರೂ ಹಾಗೆನ್ನುವುದಿಲ್ಲ.

ವೈದ್ಯರಿಲ್ಲದ ಊರಿನವರಿಗೆ ದೂರವಾಣಿಯುಂಟು. 2016ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ ಆರಂಭವಾದ ರಾಷ್ಟ್ರೀಯ ಸಹಾಯವಾಣಿಯ 1800-11-2356 ಎಂಬ ಸಂಖ್ಯೆಯನ್ನು 2018ರ ಸೆಪ್ಟೆಂಬರಿನಿಂದ ತಂಬಾಕಿನ ಪೊಟ್ಟಣಗಳ ಮೇಲೆಯೇ ಅಚ್ಚು ಮಾಡಲಾಗಿದೆ, ಕರೆಗೆ ಹಣವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಈ ಜಾಲದ ಒಂದು ಕೇಂದ್ರವಾದ್ದರಿಂದ ಕನ್ನಡದಲ್ಲಿಯೇ ಮಾತಾಡುವ ಸಮಾಲೋಚಕರು ಸಿಕ್ಕುತ್ತಾರೆ. ಮೂರನೆಯ ದಿನದ ಸಂಜೆ, ಶಿಖರದ ಮೇಲೆ ಒಬ್ಬಂಟಿಯಾಗಿ ನಿಂತವನಿಗೆ ತನ್ನ ನುಡಿಯಲ್ಲಿ ಒಂದು ದನಿ ಕೇಳುವುದು ಎಂಥ ಭಾಗ್ಯವೆಂಬುದನ್ನು ನನ್ನಂಥ ಪರಸ್ಥಳದವನು ಬಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಾಲ್ಕನೆಯ ದಿನ ಕಚೇರಿಯ ಮರಾಠಿ ಗೆಳೆಯನೊಬ್ಬ ಮರುಕದಿಂದಲೇ ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕಿ, ಇದರಲ್ಲಿ ಹೊಗೆಯಿಲ್ಲವಲ್ಲ ಎಂದು ಚಾಚಿದ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದ ವಯಸ್ಕರಲ್ಲಿ ಸೇದುವವರು ನೂರಕ್ಕೆ 3.8 ಮಾತ್ರ, ಹೊಗೆಯಿಲ್ಲದ ತಂಬಾಕನ್ನು ಬಳಸುವವರು 24.4. ಕರ್ನಾಟಕದಲ್ಲಿ ಈ ಸಂಖ್ಯೆಗಳು ಕ್ರಮವಾಗಿ 8.8 ಮತ್ತು 16.3. ಹಲ್ಲಿಗೆ ಮಿಶ್ರಿ ತಿಕ್ಕುವ ಹೆಂಗಸರೂ ಈ ಲೆಕ್ಕದಲ್ಲಿದ್ದಾರೆ. ಬೀಡಿ ಬಿಟ್ಟು ತಂಬಾಕು ಹಿಡಿದವನು ಶ್ವಾಸಕೋಶದ ರೋಗವನ್ನು ಬಾಯಿಗೆ ವರ್ಗಾಯಿಸಿಕೊಂಡನಷ್ಟೆ.

ವಿಜಯಪುರ ಜಿಲ್ಲೆಯವನಾದ ನನ್ನ ಮನಸ್ಸನ್ನು ಆ ದಿನಗಳಲ್ಲಿ ಚರಿತ್ರೆಯ ಒಂದು ಸಂಗತಿ ಬಹಳವಾಗಿ ಕಾಡಿತು. ಅಕ್ಬರನ ರಾಯಭಾರಿ ಅಸದ್ ಬೇಗ್ ಎರಡನೆಯ ಇಬ್ರಾಹಿಂ ಆದಿಲಶಾಹನ ವಿಜಾಪುರಕ್ಕೆ ಬಂದಿದ್ದಾಗ ಅಲ್ಲಿ ತಂಬಾಕನ್ನು ಕಂಡು, ಅಂಥದನ್ನು ಹಿಂದೆ ನೋಡಿರದಿದ್ದುದರಿಂದ ಸ್ವಲ್ಪವನ್ನು ಕೊಂಡು, ಚೆಂದದ ಕೊಳವೆಯೊಡನೆ 1604–05ರ ಸುಮಾರಿಗೆ ಉತ್ತರಕ್ಕೆ ಒಯ್ದು ಚಕ್ರವರ್ತಿಗೆ ಒಪ್ಪಿಸಿದ. ಅಕ್ಬರ್ ಕೆಲವು ದಮ್ಮು ಎಳೆದ. ಆಸ್ಥಾನದ ವೈದ್ಯ ತಡೆದ. ಚಕ್ರವರ್ತಿ ಅದನ್ನು ರೂಢಿಮಾಡಿಕೊಳ್ಳಲಿಲ್ಲವಾದರೂ ಸರದಾರರು ಮಾಡಿಕೊಂಡರು. 1617ರಲ್ಲಿ ಜಹಾಂಗೀರ್ ನಿಷೇಧಿಸಿ ನೋಡಿದ; ಫಲವಾಗಲಿಲ್ಲ. ನನ್ನ ಸೀಮೆಯ ಪೇಟೆಯಿಂದ ಹೊರಟ ಒಂದು ಪೊಟ್ಟಣ ಇಷ್ಟು ದೂರ ಹೋಯಿತೆಂದು ನೆನೆದಾಗಲೆಲ್ಲ ಮನಸ್ಸಿಗೆ ಖೇದವಾಗುತ್ತದೆ.

ನಾಲ್ಕನೆಯ ದಿನದಿಂದ ಇಳಿಜಾರು. ಆದರೆ ಇಳಿಜಾರಿನಲ್ಲೂ ಕಲ್ಲುಗಳಿವೆ. ಕೆಮ್ಮು ಕಡಿಮೆಯಾಗುವ ಬದಲು ಹೆಚ್ಚಾಯಿತು. ಶ್ವಾಸನಾಳದ ಒಳಗೋಡೆಯಲ್ಲಿ ಕಸ ಗುಡಿಸಲೆಂದಿರುವ ಸೂಕ್ಷ್ಮ ರೋಮಗಳು ಹೊಗೆಯಿಂದ ಮಂಕಾಗಿದ್ದವು, ಅವು ಮತ್ತೆ ಕೆಲಸಕ್ಕೆ ತೊಡಗುವುದರ ಗುರುತು ಈ ಕೆಮ್ಮೆಂದು ತಿಳಿಯದವನು ಬಿಟ್ಟದ್ದರಿಂದಲೇ ಎದೆ ಕೆಟ್ಟಿತೆಂದು ಭ್ರಮಿಸುತ್ತಾನೆ. ಬಾಯಲ್ಲಿ ಹುಣ್ಣು ಎದ್ದಿತು. ಮಲಬದ್ಧತೆಯಾಯಿತು, ಕರುಳಿಗೂ ನಿಕೋಟಿನ್ನಿನ ಚಾಟಿ ರೂಢಿಯಾಗಿರುತ್ತದಷ್ಟೆ. ಜೋಳದ ರೊಟ್ಟಿ, ಸೊಪ್ಪು, ಹೇರಳವಾದ ನೀರು ಇವುಗಳಿಂದ ವಾರದಲ್ಲಿ ಸರಿಹೋಯಿತು. ಹಸಿವು ಮಾತ್ರ ತಿಂಗಳುಗಟ್ಟಲೆ ನಿಂತಿತು. ಬಿಟ್ಟವರು ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋಗ್ರಾಂ ತೂಕ ಏರುತ್ತಾರೆ. ಸಕ್ಕರೆಯ ಊರಿನಲ್ಲಿದ್ದುಕೊಂಡು ಬಾಯಿಯನ್ನು ಕಟ್ಟುವುದು ಸುಲಭವಲ್ಲವಾದರೂ, ಈ ಏರಿಕೆಗೆ ಅಂಜಿ ಹೊಗೆಗೆ ಮರಳುವುದು ಖಂಡಿತ ಸಲ್ಲದು.

ಐವತ್ತು ಸಮೀಪಿಸಿದ ನನಗೆ ಇನ್ನು ಬಿಟ್ಟು ಫಲವೇನೆಂಬ ಪ್ರಶ್ನೆಯೂ ಆ ವಾರ ಮೇಲಿಂದ ಮೇಲೆ ಬಂತು. ಬಯಕೆಗೆ ತರ್ಕ ಮಾಡುವ ಶಕ್ತಿ ಅಪಾರ. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು 1950ರಲ್ಲಿ ಬ್ರಾಡ್‌ಫರ್ಡ್ ಹಿಲ್ ಅವರೊಡನೆ ಎತ್ತಿ ತೋರಿಸಿದ ರಿಚರ್ಡ್ ಡಾಲ್ ತಾವೂ ಸೇದುತ್ತಿದ್ದವರು, ತಮ್ಮ ಅಧ್ಯಯನದ ಅಂಕಿಗಳನ್ನು ಕಂಡು ಬಿಟ್ಟವರು. ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಹಿಂಬಾಲಿಸಿ 2004ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ, ಜೀವಮಾನವಿಡೀ ಸೇದುವವನಿಗಿಂತ ಅರವತ್ತರಲ್ಲಿ ಬಿಟ್ಟವನಿಗೆ ಸುಮಾರು ಮೂರು, ಐವತ್ತರಲ್ಲಿ ಬಿಟ್ಟವನಿಗೆ ಆರು, ನಲವತ್ತರಲ್ಲಿ ಬಿಟ್ಟವನಿಗೆ ಒಂಬತ್ತು, ಮೂವತ್ತರಲ್ಲಿ ಬಿಟ್ಟವನಿಗೆ ಹತ್ತು ವರ್ಷಗಳ ಆಯುಷ್ಯ ಮರಳಿ ದಕ್ಕುತ್ತದೆ. ಆರು ವರ್ಷ! ಮಗಳ ಮದುವೆಯನ್ನೂ ಅವಳ ಮಕ್ಕಳನ್ನೂ ನೋಡಲು ಸಾಕಾಗುವಷ್ಟು ಕಾಲ. ಆ ಅಂಕಿಯನ್ನು ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡೆ.

ಒಂಬತ್ತನೆಯ ದಿನ ಸಂಜೆ ನಿಲ್ದಾಣಕ್ಕೆ ಹೋದೆ. ಹೋಗಬಾರದೆಂದು ಹೇಳುವವರಿದ್ದಾರೆ, ಅವರ ಅಂಜಿಕೆ ನಿರಾಧಾರವಲ್ಲ. ಆದರೆ ಬೀಡಿಯೊಡನೆ ಕನ್ನಡವನ್ನೂ ಬಿಡಲು ನನ್ನಿಂದ ಆಗುವಂತಿರಲಿಲ್ಲ. ಕಿಸೆಯಲ್ಲಿ ಶೇಂಗಾ ತುಂಬಿಕೊಂಡು, ಕೆನ್ನೆಯೊಳಗೆ ಗಮ್ಮನ್ನು ಒತ್ತಿಟ್ಟುಕೊಂಡು, ಟಪರಿಯಿಂದ ನಾಲ್ಕು ಮಾರು ಈಚೆಗೆ, ಗಾಳಿ ಬೀಸುವ ಮಗ್ಗುಲಿಗೆ ನಿಂತೆ. ಬಸ್ಸು ಬಂತು. ಆ ಚಾಲಕನೇ ಇಳಿದ. ಅಫಜಲಪುರದ ಕಡೆಯ ಹುಡುಗ.

"ಎಲ್ಲಿ ಹೋಗಿದ್ರಿ ಕಾಕಾ? ಆರಾಮ ಇಲ್ಲೇನೋ ಅಂದ್ಕೊಂಡಿದ್ದೆ" ಎನ್ನುತ್ತಾ ಎಂದಿನಂತೆ ಬೀಡಿಯ ಕಟ್ಟನ್ನು ಚಾಚಿದ.

"ಬಿಟ್ಟೀನಪಾ. ಒಂಬತ್ತು ದಿನಾತು."

ಅವನು ನನ್ನ ಮುಖವನ್ನೊಮ್ಮೆ ನೋಡಿ, ಹಚ್ಚಿದ್ದ ಬೀಡಿಯನ್ನು ಬೆನ್ನ ಹಿಂದಕ್ಕೆ ಒಯ್ದು ಹೊಗೆಯನ್ನು ಆಚೆ ತಿರುಗಿ ಬಿಟ್ಟ. ನಾನು ಶೇಂಗಾ ಕೊಟ್ಟೆ. ಊರಲ್ಲಿ ತೊಗರಿ ಹೇಗೆ ಬಂತು, ಹೊಳೆಯಲ್ಲಿ ನೀರು ಎಷ್ಟಿದೆ ಎಂದು ಕೇಳಿದೆ, ಹೇಳಿದ. ಮಾತಿನ ನಡುವೆ ಒಮ್ಮೆ ಬಯಕೆಯೆದ್ದಿತು, ಇಳಿಯಿತು. ಅವನು ಶೇಂಗಾ ಒಡೆಯುತ್ತಾ, ನೆಲವನ್ನು ನೋಡುತ್ತಾ, "ಮೊದಲನೇ ಮೂರು ದಿನ ಹೆಂಗ ಕಳದ್ರಿ ಕಾಕಾ?" ಎಂದು ಕೇಳಿದ.

ಮುಂಜಾನೆಯ ಮೊದಲ ದಮ್ಮಿನ ಲೆಕ್ಕದಿಂದ ಹೇಳತೊಡಗಿದೆ. ಎರಡನೆಯ ದಿನದ ಚಹಾದವರೆಗೆ ಬರುವಷ್ಟರಲ್ಲಿ ನಿರ್ವಾಹಕ ಸೀಟಿ ಊದಿದ. ಹುಡುಗ ಬೀಡಿಯ ತುಂಡನ್ನು ಕಾಲಲ್ಲಿ ಹೊಸಕಿ, ಉಳಿದ ಶೇಂಗಾವನ್ನು ಅಂಗಿಯ ಕಿಸೆಗೆ ಹಾಕಿಕೊಂಡು, "ಮುಂದಿಂದು ಬರೂ ಶುಕ್ರವಾರ ಹೇಳ್ರಿ, ನಂದ ಡ್ಯೂಟಿ ಅದ" ಎಂದು ಬಸ್ಸು ಹತ್ತಿದ.